ಹದಿನಾಲ್ಕು ತೇಪೆಗಳು

ತಂತ್ರಾಂಶದಲ್ಲಿ ಪ್ಯಾಚ್ ಎಂದರೆ ತೇಪೆಯೇ: ಯಾವ ಸಾಲನ್ನು ತೆಗೆಯಬೇಕು, ಯಾವುದನ್ನು ಸೇರಿಸಬೇಕು ಎಂದು ತಿಳಿಸುವ ಸಣ್ಣ ಕಡತ. ಇಂಥ ತೇಪೆಗಳನ್ನು ಹಚ್ಚುವ ಉಪಕರಣವನ್ನು ಲ್ಯಾರಿ ವಾಲ್ 1985ರಲ್ಲಿ ಬರೆದರು. ತೇಪೆಗಳ ರಾಶಿಯನ್ನು ಕ್ರಮವಾಗಿ ಜೋಡಿಸಿಡುವ ಇನ್ನೊಂದು ಉಪಕರಣದ ಹೆಸರು ಕ್ವಿಲ್ಟ್, ಅಂದರೆ ಕೌದಿ. ಆ ಹೆಸರು ಕಂಡಾಗ ನಮ್ಮಜ್ಜಿ ನೆನಪಾಗಿದ್ದರು. ಕೌದಿಯ ಯಾವ ತುಂಡು ಯಾರ ಸೀರೆಯದೆಂದು ಅವರು ಬೆರಳಿಟ್ಟು ಹೇಳುತ್ತಿದ್ದರು.

2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ಕೂಡ ಪ್ರತಿ ಬದಲಾವಣೆಗೆ ಎರಡು ಹೆಸರುಗಳನ್ನು ದಾಖಲಿಸುತ್ತದೆ: ಬರೆದವರದು, ಸೇರಿಸಿದವರದು.

ಮೂರು ವರ್ಷಗಳ ಹಿಂದೆ ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬಳು ಕೆಲಸ ಕಳೆದುಕೊಂಡಳು. ವೀಸಾದ 60 ದಿನಗಳ ಗಡುವಿನಲ್ಲಿ ಬೇರೆ ಕೆಲಸ ದೊರೆಯದೆ ಹಾಸನಕ್ಕೆ ಮರಳಿದಳು. ಅವಳ ಶಾಖೆಯಲ್ಲಿ ಹದಿನಾಲ್ಕು ತೇಪೆಗಳು ಉಳಿದಿದ್ದವು. ಮುಖ್ಯ ಶಾಖೆ ಅಷ್ಟರಲ್ಲಿ ಬಹು ಮುಂದೆ ಸಾಗಿದ್ದರಿಂದ, ಒಂದೊಂದಾಗಿ ರೀಬೇಸ್ ಮಾಡಿದರೆ ಪ್ರತಿ ಹೆಜ್ಜೆಗೂ ಕಾನ್‌ಫ್ಲಿಕ್ಟ್. ನಾಲ್ಕನೆಯದಕ್ಕೇ ಬೇಸತ್ತೆ. ಎಲ್ಲವನ್ನೂ ಸ್ಕ್ವಾಷ್ ಮಾಡಿ, ಒಂದೇ ಕಮಿಟ್ ಆಗಿ ಸೇರಿಸಿ ಮನೆಗೆ ಹೊರಟೆ. ಹಾಗೆ ಸೇರಿಸಿದಾಗ ಬರೆದವರ ಸ್ಥಾನದಲ್ಲೂ ಸೇರಿಸಿದವನ ಹೆಸರೇ ಬೀಳುತ್ತದೆ. ನನಗದು ತಿಳಿದಿತ್ತು. ಅವಳ ಹೆಸರನ್ನು ಉಳಿಸಲು ಅರ್ಧ ಸಾಲು ಹೆಚ್ಚು ಬರೆದಿದ್ದರೆ ಸಾಕಿತ್ತು. ಅವಳ ಶಾಖೆಯನ್ನೂ ಅಳಿಸಿಬಿಟ್ಟೆ.

ಕಳೆದ ವರ್ಷ ಒಂದು ದೋಷ ಕಾಣಿಸಿಕೊಂಡಿತು. ಅನವಶ್ಯಕವೆಂದು ತೋರುವ ಒಂದು ಸಾಲನ್ನು ಕಿತ್ತುಹಾಕಬಹುದೇ ಎಂದು ತಂಡದವರು ನನ್ನನ್ನು ಕೇಳಿದರು. ಅದರ ಮೇಲೆ ನನ್ನ ಹೆಸರಿತ್ತಲ್ಲ! ಉತ್ತರ ತಿಳಿಯದೆ ಅವಳಿಗೆ ಕರೆ ಮಾಡಿದೆ.

ಆ ಸಾಲಿನ ಕಾರಣವನ್ನು ಎರಡೇ ನಿಮಿಷದಲ್ಲಿ ವಿವರಿಸಿದಳು. ಬಳಿಕ, "ಸರ್, ಇಂಟರ್‌ವ್ಯೂನಲ್ಲಿ ತೋರಿಸೋಣ ಅಂತ ಹುಡುಕಿದ್ದೆ. ನನ್ನ ಹೆಸರೇ ಸಿಗಲಿಲ್ಲ. ನನ್ನ ಕೆಲಸ ತಗೊಳ್ಳಲಿಲ್ಲ ಅಂದ್ಕೊಂಡೆ," ಎಂದಳು. ನಮ್ಮದು ಎಲ್ಲರೂ ನೋಡಬಹುದಾದ ಮುಕ್ತ ತಂತ್ರಾಂಶ. ಅದರಲ್ಲಿನ ಹೆಸರೇ ಅವಳ ಕೈಯಲ್ಲಿದ್ದ ಪ್ರಮಾಣಪತ್ರ. ಕ್ಷಮೆ ಕೇಳಿದೆ. "ಇರಲಿ ಬಿಡಿ ಸರ್" ಎಂದಳು.

ಹಳೆಯ ಇತಿಹಾಸವನ್ನು ತಿದ್ದುವಂತಿರಲಿಲ್ಲ. ಗಿಟ್‌ನಲ್ಲಿ ಪ್ರತಿ ಕಮಿಟ್‌ನ ಗುರುತು ಹಿಂದಿನದನ್ನು ಅವಲಂಬಿಸಿರುವುದರಿಂದ, ಒಂದನ್ನು ಬದಲಿಸಿದರೆ ಅನಂತರದವೆಲ್ಲವೂ ಬದಲಾಗುತ್ತವೆ. ಅವಳ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಮೂಲ ತೇಪೆಗಳನ್ನು ಇಮೇಲ್‌ನಲ್ಲಿ ತರಿಸಿಕೊಂಡೆ. ನನ್ನ ಕಮಿಟ್ಟನ್ನು ರಿವರ್ಟ್ ಮಾಡಿ, ಹದಿನಾಲ್ಕನ್ನೂ ಅವಳ ಹೆಸರಿನಲ್ಲೇ, ಅವಳ ಟಿಪ್ಪಣಿಗಳೊಂದಿಗೆ ಮತ್ತೆ ಹಚ್ಚಿದೆ. ಎರಡು ವಾರಾಂತ್ಯಗಳು ಹಿಡಿದವು. ಕೊನೆಯಲ್ಲಿ ತಂತ್ರಾಂಶದ ಒಂದಕ್ಷರವೂ ಬದಲಾಗಿರಲಿಲ್ಲವಾದ್ದರಿಂದ ನಮ್ಮ ಮುಖ್ಯಸ್ಥರಿಗೆ ಇದು ವ್ಯರ್ಥ ಶ್ರಮವೆನಿಸಿತು.

ಆ ಸಾಲಿನ ಕಾರಣ ಏಳನೆಯ ತೇಪೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೊಂಡಿಯನ್ನು ಅಂದೇ ರಾತ್ರಿ ಹಾಸನಕ್ಕೆ ಕಳುಹಿಸಿದೆ.