ಗಜದುದ್ದದ ಕಡ್ಡಿಯ ಮಹಿಮೆ

ಕಾರಿನ ರೇಡಿಯೊ ಕೆಟ್ಟರೆ ಅದು ಗಂಡಸರ ಬಾಬ್ತು ಎಂದು ನಮ್ಮ ಕಡೆಯ ಹೆಣ್ಣುಮಕ್ಕಳು ಸುಮ್ಮನಿದ್ದುಬಿಡುತ್ತೇವೆ. ಗಂಡಸರು ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯವರು “ಸೆಟ್ ಹಳೇದಾಗೇತ್ರಿ, ಹೊಸಾದು ಹಾಕಸ್ರಿ” ಅನ್ನುತ್ತಾರೆ. ನಾಲ್ಕೈದು ಸಾವಿರ ರೂಪಾಯಿ ಕೈಬಿಡುತ್ತದೆ. ಕುಕ್ಕರಿನ ಸೀಟಿ ಬಾರದಿದ್ದರೆ ನಾವು ಮೊದಲು ಗ್ಯಾಸ್ಕೆಟ್ ನೋಡುತ್ತೇವಲ್ಲದೆ ಹೊಸ ಕುಕ್ಕರ್ ತರಲು ಓಡುವುದಿಲ್ಲ. ಇದೇ ಬುದ್ಧಿಯನ್ನು ಕಾರಿನ ರೇಡಿಯೊಗೂ ಯಾಕೆ ಬಳಸಬಾರದು?

ನನಗೆ ಈ ವಿಚಾರ ಅಂಟಿಕೊಂಡದ್ದು ನಮ್ಮ ಅತ್ತೆಯವರಿಂದ. ಅವರಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಔಷಧಿ ಹಾಕಿಸಬೇಕಾಗಿತ್ತು. ಮುಂಡರಗಿಯಿಂದ ಡಂಬಳ, ಗದಗ, ಅಣ್ಣಿಗೇರಿ ದಾಟಿ ಹುಬ್ಬಳ್ಳಿ. ಹೋಗುವಾಗ ಹೆದರಿಕೆ, ಬರುವಾಗ ವಾಂತಿ. ಮೊಬೈಲಿನಲ್ಲಿ ಹಾಡು ಹಚ್ಚಿದರೆ ಅವರಿಗೆ ಸೇರದು. “ಅದು ನಾವು ಹೇಳಿದ್ದ ಹಾಡತೈತಿ. ರೇಡಿಯೋದಾಗ ಯಾರೋ ಅಲ್ಲಿ ಕುಂತು ನಮ್ಮ ಕೂಡ ಮಾತಾಡ್ತಾರವಾ” ಎನ್ನುತ್ತಿದ್ದರು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅತ್ತೆಯವರಿಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ದನಿ, ಭೀಮಸೇನ ಜೋಶಿಯವರ ದನಿ ಎಲ್ಲವನ್ನೂ ಅವರು ಮೊದಲು ಕೇಳಿದ್ದು ರೇಡಿಯೊದಲ್ಲೇ.

ಆದರೆ ನಮ್ಮ ಹಳೇ ಕಾರಿನ ರೇಡಿಯೊ ಹಾಡುವ ಬದಲು ಗರ್ ಎನ್ನುತ್ತಿತ್ತು. ಎರಡನೇ ಸಲ ಹುಬ್ಬಳ್ಳಿಯಿಂದ ಬರುವಾಗ ಅತ್ತೆಯವರು “ಬಂದ್ ಮಾಡವಾ, ತಲಿ ಸಿಡೀತೈತಿ” ಅಂದರು. ಬಂದ್ ಮಾಡಿದ ಮೇಲೆ ಉಳಿದ ದಾರಿಯೆಲ್ಲ ಕಲ್ಲು ಎಣಿಸುತ್ತಾ ಕುಳಿತರು. ಇನ್ನೂ ನಾಲ್ಕು ಸಲ ಹೋಗಿ ಬರುವುದಿತ್ತು. ಏನಾದರೂ ಮಾಡಲೇಬೇಕು ಅನ್ನಿಸಿತು.

ಮುಂದಿನ ಪ್ರಯಾಣದಲ್ಲಿ ನಾನು ಕಿವಿಗೊಟ್ಟು ಕೇಳಿದೆ. ಅಣ್ಣಿಗೇರಿಯಲ್ಲಿ ಚಹಾಕ್ಕೆಂದು ನಿಂತಾಗ ಎಂಜಿನ್ ಬಂದಾಯಿತು. ಗರ್ ಸದ್ದೂ ಅರ್ಧಕ್ಕರ್ಧ ಇಳಿಯಿತು. ಎಂಜಿನ್ ಶುರುಮಾಡಿದೊಡನೆ ಮತ್ತೆ ಟಕಟಕ. ನಮ್ಮ ಮನೆಯವರು ಎಕ್ಸಲರೇಟರ್ ಒತ್ತಿದಷ್ಟೂ ಸದ್ದು ಏರುತ್ತಿತ್ತು. ಹಾಗಾದರೆ ಈ ಗದ್ದಲ ಆಕಾಶದಿಂದ ಬರುತ್ತಿಲ್ಲ, ನಮ್ಮ ಕಾರಿನಿಂದಲೇ ಬರುತ್ತಿದೆ ಎಂದಾಯಿತು.

ಬೆಟಗೇರಿಯಲ್ಲಿ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಅವರಿಗೆ ಇಷ್ಟನ್ನು ಹೇಳಿದೆ. ಅವರು ಸೆಟ್ಟನ್ನು ಮುಟ್ಟಲಿಲ್ಲ. ನೆಟ್ಟಗೆ ಕಾರಿನ ಮಡ್‌ಗಾರ್ಡಿನ ಮೇಲಿದ್ದ ಏರಿಯಲ್ ಕಡ್ಡಿಯ ಹತ್ತಿರ ಹೋಗಿ ಅದರ ಬುಡ ಅಲ್ಲಾಡಿಸಿದರು.

“ಇಲ್ಲಿ ಡೆಂಟಿಂಗ್ ಪೇಂಟಿಂಗ್ ಮಾಡಿಸೀರೇನ್ ತಂಗಿ?”

“ಹೌದ್ರಿ ಅಜ್ಜಾರ, ಹೋದ ವರ್ಷ.”

“ಹಂಗಾರ ಬ್ಯಾನಿ ಸಿಕ್ತು. ಬಣ್ಣದ ಮ್ಯಾಲ ಕೂಡಿಸ್ಯಾರ. ಕಡ್ಡಿಗೆ ಬೇರ ಇಲ್ಲ.”

ಬೇರು ಎಂದರೆ ಅರ್ಥಿಂಗ್. ನಮ್ಮ ಹಿರಿಯರ ಕಾಲದ ಮನೆಗಳಲ್ಲಿ ತಾಮ್ರದ ಜಾಲರಿಯ ಪಟ್ಟಿಯನ್ನು ಗೋಡೆಯಿಂದ ಗೋಡೆಗೆ ಕಟ್ಟಿ ಏರಿಯಲ್ ಮಾಡುತ್ತಿದ್ದರು. ಇನ್ನೊಂದು ತಂತಿಯನ್ನು ಹಿತ್ತಲಿನ ಹಸಿ ನೆಲಕ್ಕೆ ಇಳಿಸುತ್ತಿದ್ದರು. ಕಾರಿಗೆ ರಬ್ಬರಿನ ಗಾಲಿ, ನೆಲ ಸಿಗುವುದಿಲ್ಲ. ಅದಕ್ಕೆ ಕಾರಿನ ಕಬ್ಬಿಣದ ಮೈಯೇ ನೆಲ. ಕಡ್ಡಿಯ ಬುಡದಲ್ಲಿರುವ ಹಲ್ಲಿನ ವಾಷರ್ ಬಣ್ಣ ಸೀಳಿ ಬರೇ ತಗಡನ್ನು ಕಚ್ಚಿ ಹಿಡಿಯಬೇಕು. ಏರಿಯಲ್ಲಿನ ವೈರಿಗೆ ಹೊರಗಡೆ ಒಂದು ಜಾಲರಿಯ ಹೊದಿಕೆ ಇರುತ್ತದೆ. ಅದು ಬುಡದ ಮೂಲಕ ಕಾರಿನ ಮೈಗೆ ಕೂಡಿದ್ದರೆ ಎಂಜಿನ್ನಿನ ಕಿಡಿಯ ಗದ್ದಲವನ್ನು ಒಳಗೆ ಬಿಡುವುದಿಲ್ಲ. ಕೂಡಿರದಿದ್ದರೆ ಧಾರವಾಡಕ್ಕಿಂತ ಮೊದಲು ನಮ್ಮ ಸ್ಪಾರ್ಕ್ ಪ್ಲಗ್ಗೇ ಹಾಡುತ್ತದೆ!

ಅಜ್ಜ ನಟ್ಟು ಬಿಚ್ಚಿ, ಮಡ್‌ಗಾರ್ಡಿನ ಒಳಮಗ್ಗುಲಲ್ಲಿ ನಾಲ್ಕಾಣೆ ಪಾವಲಿಯಷ್ಟು ಜಾಗದ ಬಣ್ಣವನ್ನು ಕೆರೆದು, ಅಲ್ಲಿಗೆ ತುಸು ಗ್ರೀಸ್ ಸವರಿ, ಮತ್ತೆ ಬಿಗಿದರು. ಅರ್ಧ ತಾಸಿನ ಕೆಲಸ. ಗರ್ ಸದ್ದು ಹೋಯಿತು.

ಅವತ್ತು ಅವರು ತಿಳಿಸಿ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಸೋದರಿಯರಿಗೂ ಉಪಯೋಗವಾದೀತು.

ರೇಡಿಯೊ ಅಲೆಗಳಿಗೂ ಉದ್ದಳತೆ ಇದೆ. ಧಾರವಾಡದ ಮೀಡಿಯಂ ವೇವ್ 765 ಕಿಲೋಹರ್ಟ್ಸ್‌ನದು. ಅದರ ಒಂದು ಅಲೆ ಸುಮಾರು 392 ಮೀಟರ್ ಉದ್ದ. ಎಫ್‌ಎಂನ 100 ಮೆಗಾಹರ್ಟ್ಸ್ ಅಲೆ ಬರೀ 3 ಮೀಟರ್. ಅಲೆಯ ಕಾಲು ಭಾಗದಷ್ಟು ಉದ್ದದ ಕಡ್ಡಿ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಅಂದರೆ ಎಫ್‌ಎಂಗೆ 75 ಸೆಂಟಿಮೀಟರ್, ಗಜಕ್ಕೆ ತುಸು ಕಡಿಮೆ. ಕಾರಿನ ಕಡ್ಡಿಗಳು ಗಜದ ಆಸುಪಾಸಿನಲ್ಲಿರುವುದು ಇದಕ್ಕಾಗಿಯೇ. ಮೀಡಿಯಂ ವೇವಿನ ಕಾಲು ಅಲೆಗೆ 98 ಮೀಟರಿನ ಕಡ್ಡಿ ಬೇಕು. ಕಾರಿನ ಮೇಲೆ ಅದನ್ನು ನಿಲ್ಲಿಸುವುದೆಲ್ಲಿ? ಆದ್ದರಿಂದ ಅಲ್ಲಿ ಸಿಕ್ಕಷ್ಟು ತುಣುಕನ್ನೇ ಜೋಪಾನ ಮಾಡಬೇಕು. ಮಡಚುವ ಕಡ್ಡಿಯಾದರೆ ಪೂರ್ತಿ ಎಳೆದಿಡಬೇಕು. ಏರಿಯಲ್ ವೈರು ಮೋಟಾಯಿತೆಂದು ಟಿವಿ ಕೇಬಲ್ ತುಂಡನ್ನು ಕಟ್ಟಿ ಉದ್ದ ಮಾಡಬಾರದು. ಮೀಡಿಯಂ ವೇವ್ ಕುಗ್ಗಿಬಿಡುತ್ತದೆ.

ಕಡ್ಡಿ ಸರಿಯಿದೆಯೋ ಇಲ್ಲವೋ ನೋಡಲು ಎಲೆಕ್ಟ್ರಿಶಿಯನ್ನರ ಹತ್ತಿರ ಇರುವ ಮೀಟರ್ ಸಾಕು. ಸೆಟ್ಟಿನಿಂದ ಏರಿಯಲ್ ಪಿನ್ನನ್ನು ಕಿತ್ತು, ಕಡ್ಡಿಯ ತುದಿಗೂ ಪಿನ್ನಿನ ನಡುವಿನ ಮೊಳೆಗೂ ಮೀಟರ್ ಹಿಡಿದರೆ ಬೀಪ್ ಎನ್ನಬೇಕು. ಕಾರಿನ ಮೈಗೂ ಪಿನ್ನಿನ ಹೊರಗಿನ ಬಳೆಗೂ ಹಿಡಿದರೂ ಬೀಪ್ ಎನ್ನಬೇಕು. ನಡುವಿನ ಮೊಳೆಗೂ ಹೊರಬಳೆಗೂ ಹಿಡಿದರೆ ಸುಮ್ಮನಿರಬೇಕು. ಅಲ್ಲೂ ಕೂಗಿದರೆ ವೈರು ಒಳಗೇ ಕೂಡಿಕೊಂಡಿದೆ ಎಂದರ್ಥ. ಇದು ಸಾದಾ ಕಡ್ಡಿಯ ಮಾತು. ಹೊಸ ಕಾರುಗಳ ಗಿಡ್ಡ ಏರಿಯಲ್ಲುಗಳ ಒಳಗೆ ಆಂಪ್ಲಿಫೈಯರ್ ಇರುವುದುಂಟು. ಅದಕ್ಕೆ ಕರೆಂಟು ಬೇಕು. ಹೊರಗಿನ ಸೆಟ್ ಹಾಕಿಸಿದಾಗ ಏರಿಯಲ್ಲಿಗೆ ಕರೆಂಟು ಕೊಡುವ ನೀಲಿ ವೈರನ್ನು ಜೋಡಿಸದೆ ಬಿಟ್ಟರೆ ಹೊಸ ಸೆಟ್ಟೂ ಕಿವುಡೇ.

ಗದ್ದಲದ ಮೂಲ ಹುಡುಕುವುದೂ ಕಷ್ಟವಲ್ಲ. ಎಂಜಿನ್ನಿನ ಜೊತೆ ಟಕಟಕ ಏರಿದರೆ ಸ್ಪಾರ್ಕ್ ಪ್ಲಗ್ಗಿನ ಕಡೆ ನೋಡಿ, ರೆಸಿಸ್ಟರ್ ಇರುವ ಪ್ಲಗ್ ಹಾಕಿಸಿ. ಡೀಸೆಲ್ ಗಾಡಿಗೆ ಕಿಡಿ ಇಲ್ಲ. ಕುಂಯ್ ಎಂಬ ರಾಗ ಎದ್ದರೆ ಆಲ್ಟರ್ನೇಟರ್ ಇರಬಹುದು. ಕರೆಂಟಿನ ತಂತಿಯ ಕೆಳಗೆ ಮಾತ್ರ ಗರ್ ಎಂದರೆ ಕಾರಿನ ತಪ್ಪಿಲ್ಲ. ಮೊಬೈಲ್ ಚಾರ್ಜರ್ ಕಿತ್ತೊಡನೆ ಸದ್ದು ನಿಂತರೆ ಕಳ್ಳ ಅದೇ. ಏರಿಯಲ್ ಗಾಜಿನೊಳಗೇ ಇರುವ ಕಾರಿಗೆ ಲೋಹದ ಅಂಶವಿರುವ ಫಿಲ್ಮ್ ಅಂಟಿಸಿದರೂ ರೇಡಿಯೊ ಮಂಕಾಗುತ್ತದೆ.

ಜೋರಾಗಿ ಓಡುವ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಬೇರಿನ ಸಮಸ್ಯೆ ಇನ್ನೂ ಹೆಚ್ಚಂತೆ. ಭಾರ ಕಡಿಮೆಯಾಗಲೆಂದು ಎಷ್ಟೋ ಕಾರುಗಳ ಮೈಯನ್ನು ಫೈಬರ್ ಗ್ಲಾಸಿನಲ್ಲಿ ಮಾಡುತ್ತಾರೆ. ನಮ್ಮ ಬೆಂಗಳೂರಿನಲ್ಲೇ ಸಿಪಾನಿ ಕಂಪನಿ 1980ರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ತಯಾರಿಸಿತ್ತು. ಅಂಥ ಮೈ ತುಕ್ಕು ಹಿಡಿಯುವುದಿಲ್ಲ, ಆದರೆ ಏರಿಯಲ್ಲಿಗೆ ನೆಲವೂ ಆಗುವುದಿಲ್ಲ. ಆಗ ಕಡ್ಡಿಯ ಬುಡದಡಿ ಅಗಲವಾದ ತಗಡು ಹಾಸಿ, ಅದರಿಂದ ದಪ್ಪ ಪಟ್ಟಿ ಎಳೆದು ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಜೋಡಿಸಬೇಕು. ಲಕ್ಷಗಟ್ಟಲೆ ಬೆಲೆಯ ಕಾರಾದರೂ ಅಷ್ಟೇ, ನಮ್ಮ ಹಳೇ ಡಬ್ಬಿಯಾದರೂ ಅಷ್ಟೇ, ಬೇರಿಲ್ಲದೆ ಹಾಡಿಲ್ಲ.

ಏರಿಯಲ್ಲಿನಿಂದ ಆಗದ್ದೂ ಒಂದಿದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದು. ಗುಡ್ಡ ಅಡ್ಡ ಬಂದರೆ ಮರೆಯಾಗುತ್ತದೆ. ಡಂಬಳ ದಾಟಿ ಕಪ್ಪತಗುಡ್ಡದ ಮಗ್ಗುಲಿಗೆ ಬಂದರೆ ನಮ್ಮ ಕಾರಿನಲ್ಲಿ ಈಗಲೂ ಎಫ್‌ಎಂ ನಿಲ್ಲದು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರೂ ಗುಡ್ಡದ ಏರಿಳಿತದಲ್ಲಿ ಇದನ್ನು ಕಂಡಿರಬಹುದು. ಮೀಡಿಯಂ ವೇವಿನ ಅಲೆ ಹಗಲು ಹೊತ್ತು ನೆಲ ಹಿಡಿದೇ ಬರುತ್ತದೆ, ಗುಡ್ಡಕ್ಕೆ ಅಷ್ಟಾಗಿ ಹೆದರುವುದಿಲ್ಲ. ಡಂಬಳದಲ್ಲಿ ನಾನು ಬಟನ್ ಒತ್ತಿ 765ಕ್ಕೆ ಬರುತ್ತೇನೆ.

ಹಾಗೆ ಉಳಿದ ಮೂರು ಸಲವೂ ಅತ್ತೆಯವರು ಧಾರವಾಡ ಕೇಳುತ್ತಲೇ ಮನೆ ಮುಟ್ಟಿದರು. ವಾಂತಿಯೇನೂ ನಿಲ್ಲಲಿಲ್ಲ, ಔಷಧಿಯ ಸಂಕಟವನ್ನು ರೇಡಿಯೊ ಕಳೆಯಲಾರದು. ಆದರೆ ಕಲ್ಲು ಎಣಿಸುವುದು ನಿಂತಿತು. ರೈತರ ಕಾರ್ಯಕ್ರಮದಲ್ಲಿ ಯಾರೋ ಮೆಣಸಿನಕಾಯಿ ಬೆಳೆಯ ಮಾತು ಎತ್ತಿದರೆ “ಹಂಗಲ್ಲೋ ತಮ್ಮಾ” ಎಂದು ಹಿಂದಿನ ಸೀಟಿನಿಂದಲೇ ತಿದ್ದುತ್ತಿದ್ದರು. ಈಗ ಆರು ತಿಂಗಳಿಗೊಮ್ಮೆ ತೋರಿಸಿ ಬಂದರೆ ಸಾಕು ಎಂದು ಡಾಕ್ಟರು ಹೇಳಿದ್ದಾರೆ.

ಖಂಡೇನವಮಿಗೆ ಕಾರು ತೊಳೆದು, ಕಡ್ಡಿಗೆ ಚೆಂಡುಹೂವಿನ ಮಾಲೆ ಹಾಕುವವರು ನಾವೇ ತಾನೆ? ಆ ದಿನ ಒಂದು ಒಣಬಟ್ಟೆಯಿಂದ ಕಡ್ಡಿಯನ್ನು ತುದಿಯಿಂದ ಬುಡದವರೆಗೆ ಒರೆಸಿ, ಬುಡದ ನಟ್ಟು ಸಡಿಲಾಗಿದೆಯೇ, ತುಕ್ಕು ಹತ್ತಿದೆಯೇ ಎಂದು ಕೈಯಾಡಿಸಿ ನೋಡಿ. ಪೂಜೆಗೆ ಪೂಜೆಯೂ ಆಯಿತು, ರಿಪೇರಿಯ ಖರ್ಚೂ ಉಳಿಯಿತು.