ಕಡಲ ತಡಿಯಲ್ಲಿ ಬಸವ ಜಯಂತಿ

ಮಗಳಿಗೆ ಕಾರವಾರಕ್ಕೆ ವರ್ಗವಾದಾಗ ನಮ್ಮ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ, ಅಲ್ಲಿ ಅವಳು ಉಣ್ಣುವುದೇನು ಎಂಬುದು. ಧಾರವಾಡದಲ್ಲಿ ರೊಟ್ಟಿ, ಜುಣಕ, ಪುಂಡಿಪಲ್ಯ ಉಂಡು ಬೆಳೆದ ಹುಡುಗಿ. ಸೇರಿದ್ದು ಮೀನಿನ ಊರು. ಬಾಡಿಗೆಗೆ ಸಿಕ್ಕಿದ್ದು ಕ್ರೈಸ್ತ ಮನೆತನವೊಂದರ ಮಾಳಿಗೆಯ ಮೇಲಿನ ಎರಡು ಕೋಣೆ. "ಪೂಜಿಗೆ ಕುಂತಾಗ ಕೆಳಗಿಂದ ಮೀನಿನ ವಾಸನಿ ಬರ್ತದೇನವಾ?" ಎಂದು ನಮ್ಮ ಮನೆಯವರು ಮೂರು ತಿಂಗಳಿನಿಂದ ಫೋನಿನಲ್ಲಿ ಕೇಳುತ್ತಲೇ ಇದ್ದರು, ಅವಳು ನಗುತ್ತಲೇ ಇದ್ದಳು. ಬಸವ ಜಯಂತಿಯ ರಜೆ ಶನಿವಾರ, ಭಾನುವಾರಗಳ ಬೆನ್ನಿಗೇ ಬಂದುದರಿಂದ, ಹೋಗಿ ಕಣ್ಣಾರೆ ನೋಡಿಯೇ ಬರೋಣವೆಂದು ನಿಶ್ಚಯಿಸಿದೆವು.

ಜೊತೆಗೆ ಬಂದವನು ತಂಗಿಯ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ, ಸ್ವಂತ ಕಾರು. "ಮಾಮಾ, ಹೊಸ ಊರು ಅಂದಮ್ಯಾಗ ಅಲ್ಲಿ ತಿನ್ನೂದೂ ನೋಡಬೇಕು, ಕುಡಿಯೂದೂ ನೋಡಬೇಕು" ಎಂದು ದಾರಿಯಲ್ಲಿಯೇ ಹೇಳಿದ. ಎಳನೀರಿನ ಮಾತೆಂದು ನಾವು ತಿಳಿದೆವು. ಬೆಂಗಳೂರಿನಲ್ಲಿ ಗಿರಾಕಿಗಳ ಕಣ್ಣೆದುರಿಗೇ ದೊಡ್ಡ ದೊಡ್ಡ ಹಂಡೆಗಳಲ್ಲಿ ಬಿಯರು ತಯಾರಿಸಿ ಬಡಿಸುವ ಬ್ರೂವರಿಗಳು ಈಚಿನ ಹದಿನೈದು ವರ್ಷಗಳಲ್ಲಿ ತಲೆಯೆತ್ತಿವೆಯಂತೆ. ರಜೆ ಬಂದರೆ ಗೆಳೆಯರೆಲ್ಲ ಕೂಡಿ ಒಂದೊಂದು ವಾರ ಒಂದೊಂದಕ್ಕೆ ಹೋಗುವುದು, ಇದರ ರುಚಿ ಅದಕ್ಕಿಂತ ಮೇಲೆಂದು ಚರ್ಚಿಸುವುದು ಅಲ್ಲಿಯ ವಾಡಿಕೆಯಂತೆ. ಹೆಂಡದಂಗಡಿಗೆ ಕದ್ದುಮುಚ್ಚಿ ಹೋಗುತ್ತಿದ್ದ ಕಾಲ ಕಂಡ ನಮಗೆ ಇದನ್ನು ಇಷ್ಟು ಸರಳವಾಗಿ ಹೇಳುವ ಅವನ ರೀತಿಯೇ ಹೊಸದಾಗಿತ್ತು.

ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಗಾಳಿಯೇ ಬೇರೆ. ಮೈ ಬೆವರಿನಿಂದ ಅಂಟತೊಡಗಿತು. ಅಂಕೋಲೆಯ ರಸ್ತೆಬದಿಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲ ಹೆಂಗಸರು ಬುಟ್ಟಿಗಳಲ್ಲಿ ಮಾವಿನ ಹಣ್ಣು ಇಟ್ಟುಕೊಂಡು ಕುಳಿತಿದ್ದರು. ಇದೇ ಅಂಕೋಲೆಯ ಹೆಸರುವಾಸಿ ಇಶಾಡು. ಇದರಲ್ಲಿ ಕರಿ ಇಶಾಡು, ಬಿಳಿ ಇಶಾಡು ಎಂದು ಎರಡು ಬಗೆ. ಸಿಪ್ಪೆ ತೆಳುವಾಗಿ ತಿರುಳು ಹೆಚ್ಚಾಗಿರುವುದು ಕರಿ ಇಶಾಡು. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆಪೂಸಿನ ಹೆಸರೇ ಎಲ್ಲೆಡೆ ಕೇಳಿಬರುವ ಕಾಲದಲ್ಲಿ ಈ ಹಣ್ಣು ಬಹಳ ದಿನ ತನ್ನೂರಿನಲ್ಲಿಯೇ ಉಳಿದುಬಿಟ್ಟಿತು. ನಮ್ಮ ಹುಡುಗ ಕಾರಿನಿಂದಿಳಿದು ಒಬ್ಬ ಹೆಂಗಸಿನೊಂದಿಗೆ ಚೌಕಾಸಿ ಮಾಡಿ, ಡಜನ್ನಿಗೆ ಐವತ್ತು ರೂಪಾಯಿ ಇಳಿಸಿಯೇ ಬಿಟ್ಟ. ಗೆದ್ದು ಬಂದವನಂತೆ ಚೀಲ ತಂದು ಹಿಂದಿನ ಸೀಟಿನಲ್ಲಿಟ್ಟ. ಹಣ್ಣಿನ ಸಿಹಿಯ ಬಗ್ಗೆ ನಾವು ಹೆಚ್ಚು ಬರೆಯುವುದಿಲ್ಲ, ಓದುಗರು ವೈಶಾಖದಲ್ಲಿ ಒಮ್ಮೆ ಹೋಗಿ ತಾವೇ ತಿನ್ನಬೇಕು. ಕಾರವಾರ ಮುಟ್ಟುವ ಹೊತ್ತಿಗೆ ನಾಲ್ಕು ಹಣ್ಣು ಮುಗಿದಿದ್ದವು.

ಅಂಕೋಲೆ ಉಪ್ಪಿನ ಊರೂ ಹೌದು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದುದು ಇಲ್ಲಿಯೇ. ಆ ಚಳವಳಿಯ ದಿನಗಳಲ್ಲಿ ದೇಶದಾದ್ಯಂತ ಸೇಂದಿ, ಸಾರಾಯಿ ಅಂಗಡಿಗಳ ಮುಂದೆಯೂ ಪಿಕೆಟಿಂಗ್ ನಡೆಯುತ್ತಿತ್ತು. ಉಪ್ಪನ್ನು ಎಲ್ಲರಿಗೂ ದೊರಕಿಸಬೇಕು, ಹೆಂಡವನ್ನು ಎಲ್ಲರಿಂದಲೂ ದೂರವಿಡಬೇಕು ಎಂಬ ಎರಡು ಮಾತುಗಳನ್ನು ಆ ಪೀಳಿಗೆ ಒಂದೇ ಉಸಿರಿನಲ್ಲಿ ಹೇಳಿತು.

ಕಾರವಾರದಲ್ಲಿ ಮಗಳ ಮನೆಯೊಡತಿ ಬಾಗಿಲಲ್ಲಿಯೇ ನಿಂತಿದ್ದರು. ಅರವತ್ತು ದಾಟಿದ ವಿಧವೆ. ಮಗಳು ಅವರನ್ನು 'ಆಂಟಿ' ಎನ್ನುತ್ತಾಳೆ, ನಮ್ಮ ಮನೆಯವರು ಮೊದಲ ಮಾತಿಗೇ 'ಅಕ್ಕಾ' ಎಂದರು. ಆ ರಾತ್ರಿ ನಮ್ಮ ಬುತ್ತಿಯ ರೊಟ್ಟಿ ಬಿಚ್ಚಲಿಲ್ಲ. ಕೆಂಪು ಕುಚ್ಚಲಕ್ಕಿಯ ಅನ್ನ, ಬಸಳೆಸೊಪ್ಪಿನ ಸಾರು, ಹಲಸಿನ ಗುಜ್ಜೆಯ ಪಲ್ಯ, ಕಡೆಗೆ ತೆಂಗಿನ ಹಾಲಿಗೆ ಮುರುಗಲ ಹುಳಿ ಬೆರೆಸಿದ, ತಿಳಿಗುಲಾಬಿ ಬಣ್ಣದ ಸೋಲಕಡಿ. ಇವೆಲ್ಲವನ್ನು ಮಗಳೇ ಮಾಡಿದ್ದಳು, ಕಲಿಸಿದವರು ಕೆಳಗಿನ ಅಕ್ಕ. ಮೂರು ತಿಂಗಳ ಚಿಂತೆಗೆ ಒಂದು ಊಟದಲ್ಲಿ ಉತ್ತರ ದೊರಕಿತು. ಆದರೂ ಮನೆಯವರು "ಉಪ್ಪು ಒಂಚೂರು ಹೆಚ್ಚಾಗೇದ" ಎನ್ನದೆ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಊರು ನೋಡಿದೆವು. ಮೀನು ಪೇಟೆಯ ಪಕ್ಕದಲ್ಲಿ ಹಾದು ಹೋಗುವಾಗ ಮೂಗಿಗೆ ಸೆರಗು ಹಿಡಿದಿದ್ದ ಮನೆಯವರು, ಆರು ಗಂಟೆಗೇ ಬುಟ್ಟಿ ಹೊತ್ತು ಬಂದು ಕುಳಿತ ಹೆಂಗಸರನ್ನು ಕಂಡು ಸೆರಗು ಇಳಿಸಿದರು. ನಾವು ತಿನ್ನದಿರುವುದು ನಮ್ಮ ಆಚಾರ. ಅವರು ದುಡಿಯುವುದು ಅವರ ಕಾಯಕ. ಕಡಲದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. 1880ರ ದಶಕದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ತರುಣ ಕವಿ, ಲೋಕವನ್ನು ತೊರೆದ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಹುಡುಗಿಯ ಪ್ರೀತಿ ಮರಳಿ ಲೋಕಕ್ಕೆ ಎಳೆಯುವ ಕಥೆಯ ನಾಟಕವನ್ನು ಈ ಊರಿನಲ್ಲಿ ಬರೆದರು. ದಂಡೆಯ ಮೇಲಿರುವ 'ಚಾಪಲ್' ಯುದ್ಧನೌಕೆಯನ್ನು ಹುಡುಗ ಹತ್ತಿ ನೋಡಿದ. ನಾವು ನೆರಳು ಹುಡುಕಿದೆವು.

ಮಧ್ಯಾಹ್ನ ಕಾಳಿ ನದಿ ದಾಟಿ ಸದಾಶಿವಗಡಕ್ಕೆ ಹೋದೆವು. ಇಲ್ಲಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕುಸಿದುದನ್ನು ಓದುಗರು ಮರೆತಿರಲಾರರು. ಗಡದ ಹೆಸರಿನಲ್ಲಿ ನಮಗೊಂದು ಬಾಂಧವ್ಯವಿದೆ. ಸ್ವಾದಿಯ ವೀರಶೈವ ಅರಸು ಬಸವಲಿಂಗನು ತಂದೆ ಸದಾಶಿವನ ಹೆಸರನ್ನು ಈ ಕೋಟೆಗೆ ಇಟ್ಟನು. ಗುಡ್ಡದ ಮೇಲಿಂದ ನದಿ ಕಡಲನ್ನು ಸೇರುವ ನೋಟ ಬಹಳ ಹೊತ್ತು ನಮ್ಮನ್ನು ನಿಲ್ಲಿಸಿತು.

ಅಲ್ಲಿಂದ ಇಳಿದು ಬರುವಾಗ ಒಂದು ಹಿತ್ತಿಲಿನ ಬೇಲಿಯಾಚೆ ಗೇರುಹಣ್ಣುಗಳು ಉದುರಿ ಬಿದ್ದಿದ್ದವು. ಮನೆಯವರನ್ನು ಕೇಳಿ ನಾಲ್ಕು ಆಯ್ದುಕೊಂಡು ಉಪ್ಪು ಹಚ್ಚಿ ತಿಂದೆವು. ಗಡಿಯಾಚೆ ಗೋವೆಯಲ್ಲಿ ಇದೇ ಹಣ್ಣಿನ ಬೀಜ ಬಿಡಿಸಿ, ತುಳಿದು ರಸ ಹಿಂಡಿ, ಹುಳಿಯಲು ಬಿಟ್ಟು ಭಟ್ಟಿ ಇಳಿಸುತ್ತಾರೆ. ಮೊದಲ ಭಟ್ಟಿಯದು ಉರಾಕ್, ಮತ್ತೆ ಇಳಿಸಿದರೆ ಫೆನ್ನಿ. ಈ ಫೆನ್ನಿಗೂ 2009ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಇಷ್ಟನ್ನೂ ನಮಗೆ ವಿವರಿಸಿದವನು ಹುಡುಗನೇ. ಅವನ ವಿವರಣೆ ಸೊಗಸಾಗಿತ್ತೆಂದು ಒಪ್ಪಬೇಕು. ಅದರ ಹಿಂದಿನ ಬಯಕೆ ನಮಗೆ ತಿಳಿಯಲಿಲ್ಲ.

ಸಂಜೆ "ಒಂದು ಸುತ್ತು ಹಾಕಿ ಬರ್ತೀನಿ" ಎಂದು ಹೋದವನು ಹನ್ನೊಂದೂವರೆಗೆ ಬಂದ. ಮಾಜಾಳಿಯ ಆಚೆಗೆ ಗೋವೆ. ಅಲ್ಲಿ ಮದ್ಯ ಅಗ್ಗ. ಕುಡಿದು, ತಾನೇ ಕಾರು ನಡೆಸಿಕೊಂಡು, ಆ ಕತ್ತಲೆಯ ಹೆದ್ದಾರಿಯಲ್ಲಿ ಬಂದಿದ್ದ. ನಮಗೆ ಕೋಪ ತಡೆಯಲಾಗಲಿಲ್ಲ. ಬೆಳಗಾದರೆ ಬಸವ ಜಯಂತಿ, ಈ ಸ್ಥಿತಿಯಲ್ಲಿ ಈ ಮನೆಯ ಹೊಸ್ತಿಲು ದಾಟಬೇಡವೆಂದುಬಿಟ್ಟೆವು. ಮಗಳು ಅಳತೊಡಗಿದಳು. ಮನೆಯವರು ಮಾತ್ರ ಒಳಗೆ ಹೋಗಿ ಮೊಸರನ್ನ ಕಲಸಿ ತಂದು, "ಮೊದಲು ಉಣ್ಣಲಿ, ಆಮ್ಯಾಲ ಬೈಯಿರಿ" ಎಂದರು. ಅವನು ಮೆಟ್ಟಿಲ ಮೇಲೆಯೇ ಕುಳಿತು ಉಂಡ. ಆ ರಾತ್ರಿ ಕಡಲ ಮೊರೆತ ಕೇಳುತ್ತ ಎಚ್ಚರವಾಗಿಯೇ ಇದ್ದೆವು.

ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲು ಮಿಂದು, ಬಸವಣ್ಣನವರ ಭಾವಚಿತ್ರಕ್ಕೆ ಹೂ ಪೋಣಿಸುತ್ತಿದ್ದ. "ತಪ್ಪಾತು ಮಾಮಾ. ಆದ್ರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೆಂಡದ ಮಾರಯ್ಯ ಶರಣ ಆಗಿದ್ದನಲ್ಲ? ಹೆಂಡ ಮಾರೂವವನನ್ನ ಕಲ್ಯಾಣದೊಳಗ ಕರಕೊಂಡ್ರು, ನೀವು ನನ್ನ ಹೊರಗ ನಿಲ್ಲಿಸಿದ್ರಿ" ಎಂದ. ಶಾಲೆಯಲ್ಲಿ ವಚನ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ಹುಡುಗ. ಮಾತು ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತು. ಮಾರಯ್ಯನು ಕುಡಿಯಲು ಬಂದವರಿಗೇ ಕುಡಿತ ಬಿಡಿರೆಂದು ಬೋಧಿಸುತ್ತಿದ್ದನೆಂದು ಪರಂಪರೆ ಹೇಳುವುದನ್ನು ನಾವು ನೆನಪಿಸಿದೆವು. ಹೇಳುತ್ತಿರುವಾಗಲೇ ನಮಗೂ ಹೊಳೆಯಿತು: ಆತ ಬೋಧಿಸಿದ್ದು ಕುಡುಕರ ಪಕ್ಕದಲ್ಲಿ ಕುಳಿತು, ಬಾಗಿಲು ಹಾಕಿಕೊಂಡು ಅಲ್ಲ. ನಮ್ಮ ನಿನ್ನೆಯ ಮಾತಿನಲ್ಲಿಯೂ ತಪ್ಪಿತ್ತೆಂದು ಒಪ್ಪಿಕೊಂಡೆವು. ಕುಡಿದು ಕಾರು ನಡೆಸಿದ್ದಕ್ಕೆ ಮಾತ್ರ ಯಾವ ಶರಣನ ಹೆಸರೂ ರಕ್ಷಣೆಗೆ ಬಾರದೆಂದೂ ಹೇಳಿದೆವು. ಅವನು ತಲೆಯಾಡಿಸಿದ.

ಪೂಜೆ ಮುಗಿಯುವ ಹೊತ್ತಿಗೆ ಕೆಳಗಿನ ಅಕ್ಕ ಒಂದು ಸ್ಟೀಲಿನ ಡಬ್ಬಿ ಹಿಡಿದು ಬಂದರು. ಒಳಗೆ ಇಡ್ಲಿಯಂತೆ ಹಬೆಯಲ್ಲಿ ಬೇಯಿಸಿದ, ಹತ್ತಿಯಂತೆ ಬೆಳ್ಳಗಿನ ಸಾನ್ನಾಗಳು. ಈ ಸೀಮೆಯಲ್ಲಿ ಇದರ ಹಿಟ್ಟನ್ನು ತೆಂಗಿನ ಕಳ್ಳು ಹಾಕಿ ಹುಳಿಸುವ ಪದ್ಧತಿಯಿದೆ. ಮನೆಯವರ ಮುಖ ನೋಡಿ ಅಕ್ಕ ತಾವೇ ಹೇಳಿದರು: "ಹೆದರಬೇಡಿ ಬಾಯಿ, ಕಳ್ಳು ಹಾಕಲಿಲ್ಲ, ಉದ್ದು ಹಾಕಿ ಹುಳಿಸಿದ್ದು. ಪಾತ್ರೆಯೂ ಹೊಸದು, ಮೀನು ತಾಗಿಲ್ಲ." ಯಾರೂ ಕೇಳದೆ, ಹಿಂದಿನ ದಿನವೇ ಪೇಟೆಗೆ ಹೋಗಿ ಪಾತ್ರೆ ಕೊಂಡು ತಂದಿದ್ದರು. ಮನೆಯವರು ಅವರಿಗೆ ಪ್ರಸಾದ ಕೊಟ್ಟು, ಅವರ ಕೈ ಹಿಡಿದುಕೊಂಡು ಸುಮ್ಮನೆ ನಿಂತರು. ಸಾನ್ನಾಗಳನ್ನು ಬೆಲ್ಲ, ಕಾಯಿಹಾಲಿನಲ್ಲಿ ಅದ್ದಿ ಎಲ್ಲರೂ ತಿಂದೆವು. ಮೂರು ದಿನಗಳಲ್ಲಿ ಕಾರವಾರ ನಮಗೆ ಕೊಟ್ಟ ಅತ್ಯುತ್ತಮ ತಿನಿಸು ಅದೇ.

ಹಿಂತಿರುಗುವಾಗ ಅಂಕೋಲೆಯಲ್ಲಿ ಅದೇ ಹೆಂಗಸು ಅದೇ ಜಾಗದಲ್ಲಿದ್ದಳು. ಹುಡುಗ ಮತ್ತೆ ಚೌಕಾಸಿಗೆ ಇಳಿದ. ಈ ಸಲ ಆಕೆ ಬೆಲೆ ಇಳಿಸಲಿಲ್ಲ. ಬುಟ್ಟಿಯ ಅರ್ಧ ಹಣ ಗಂಡನ ಬಾಟಲಿಗೇ ಹೋಗುತ್ತದೆ, ಉಳಿದರ್ಧದಲ್ಲಿ ಮನೆ ನಡೆಯಬೇಕು, ಇನ್ನು ಎಲ್ಲಿಂದ ಇಳಿಸಲಿ ಎಂದಳು. ದೂರಿನ ದನಿಯಿರಲಿಲ್ಲ, ಲೆಕ್ಕ ಒಪ್ಪಿಸಿದಂತಿತ್ತು. ಹುಡುಗ ಕೇಳಿದಷ್ಟು ಕೊಟ್ಟು ಕಾರಿಗೆ ಬಂದ.

ಅಲ್ಲಿಂದ ಬಡಗೇರಿ ದೂರವಿಲ್ಲ. ಹಾಲಕ್ಕಿ ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡರ ಊರು. 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರವರಿಯಲ್ಲಿ ಅಗಲಿದ ಸುಕ್ರಜ್ಜಿ, ತಾನು ಸಾಕಿದ ಮಗನನ್ನು ಕುಡಿತಕ್ಕೆ ಕಳೆದುಕೊಂಡ ತಾಯಿ. ಆ ದುಃಖವನ್ನು ಎದೆಯಲ್ಲಿಟ್ಟುಕೊಂಡು ಊರಿನ ಹೆಂಗಸರನ್ನು ಕೂಡಿಸಿ ಸಾರಾಯಿಯ ವಿರುದ್ಧ ನಿಂತರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅದರ ಜಾಗಕ್ಕೆ ಅಗ್ಗದ ಬಾಟಲಿಗಳು ಬಂದವು. ಇದನ್ನು ನಾವು ಹೇಳುತ್ತಿರುವಾಗ ಹುಡುಗ ಏನೂ ಮಾತನಾಡಲಿಲ್ಲ. ಘಟ್ಟ ಹತ್ತಿ ಯಲ್ಲಾಪುರದಲ್ಲಿ ಚಹಕ್ಕೆ ನಿಂತಾಗ, "ಮಾಮಾ, ಪೂರಾ ಬಿಟ್ಟೆ ಅಂತ ಇವತ್ತು ಸುಳ್ಳು ಹೇಳೂದಿಲ್ಲ. ಗಾಡಿ ಹೊಡಿಯೂವಾಗ ಮುಟ್ಟೂದಿಲ್ಲ, ಅದಷ್ಟು ಖರೆ" ಎಂದ. ನಾವು ಅಷ್ಟನ್ನು ನಂಬಿದೆವು.

ಅಕ್ಕನ ಸ್ಟೀಲಿನ ಡಬ್ಬಿ ನಮ್ಮೊಂದಿಗೇ ಧಾರವಾಡಕ್ಕೆ ಬಂದುಬಿಟ್ಟಿತ್ತು. ಬರಿದಾದ ಡಬ್ಬಿಯನ್ನು ಹಿಂದಿರುಗಿಸುವುದು ನಮ್ಮಲ್ಲಿ ರೂಢಿಯಿಲ್ಲ. ಮರುದಿನ ಮನೆಯವರು ಗೋಧಿ ಹುರಿದು ಬೀಸಿಸಿ, ಬೆಲ್ಲ, ಗಸಗಸೆ, ಒಣಕೊಬ್ಬರಿ ಬೆರೆಸಿ ಮಾದಲಿ ಮಾಡಿ ಅದರಲ್ಲಿ ತುಂಬಿದರು. ಕಾರವಾರಕ್ಕೆ ಹೋಗುವ ಪರಿಚಯದವರು ಸಿಕ್ಕುವವರೆಗೆ ಕೆಡದಿರಲೆಂದು ಮುಚ್ಚಳದ ಸುತ್ತ ಬಟ್ಟೆ ಕಟ್ಟಿಟ್ಟಿದ್ದಾರೆ.