ಗೂಡು ನೋಡದೆ ಕೂಗಬಾರದು

ಅಮ್ಮಿಯ ಕಾದಂಬರಿ ಅಚ್ಚಾಗಿ ಬಂದ ದಿನ ರಿಚರ್ಡ್ಸ್ ಟೌನಿನ ನಮ್ಮ ಮನೆಯ ನಡುಕೋಣೆಯಲ್ಲಿ ಹತ್ತು ಕಟ್ಟುಗಳು ಬಂದು ಕುಳಿತವು. ಒಂದೊಂದರಲ್ಲಿ ಐವತ್ತು, ಒಟ್ಟು 500 ಪ್ರತಿ. ಅದು 2023ರ ಕೊನೆ. ಅದಕ್ಕೂ ಮುಂಚೆ ಮೂವರು ಪ್ರಕಾಶಕರಿಗೆ ಹಸ್ತಪ್ರತಿ ಕಳಿಸಿದ್ದೆವು. ಇಬ್ಬರಿಂದ ಉತ್ತರ ಬರಲಿಲ್ಲ. ಒಬ್ಬರು ಎರಡು ವರ್ಷ ಕಾಯಬೇಕು ಎಂದರು. "ನನ್ನ ವಯಸ್ಸಿನವರಿಗೆ ಎರಡು ವರ್ಷ ಸಾಲ ಕೊಡುವವರು ಯಾರು?" ಎಂದು ಅಮ್ಮಿ ತನ್ನ ಪಿಂಚಣಿಯ ಉಳಿತಾಯದಿಂದಲೇ ಅಚ್ಚು ಹಾಕಿಸಿದರು.

ಅಮ್ಮಿ ಶಿಡ್ಲಘಟ್ಟದವರು. ನಮ್ಮ ನಾನಾ ಅಲ್ಲಿ ರೇಷ್ಮೆ ರೀಲರ್ ಆಗಿದ್ದರು. ಮನೆಮಾತು ದಖನಿ ಉರ್ದುವಾದರೂ ಅಮ್ಮಿ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಮೂವತ್ತು ವರ್ಷ ಪಾಠ ಹೇಳಿದ್ದೂ ಕನ್ನಡವನ್ನೇ. ಮದುವೆಯಾಗಿ ದಂಡಿನ ಪ್ರದೇಶಕ್ಕೆ ಬಂದ ಮೇಲೂ ಅವರ ಮನಸ್ಸು ಗೂಡಿನ ಮಾರುಕಟ್ಟೆಯ ಸುತ್ತಲೇ ತಿರುಗುತ್ತಿತ್ತು. ಗೂಡಿನ ಬೆಲೆ ಕುಸಿದ ಒಂದು ವರ್ಷ ಒಬ್ಬ ರೈತನ ಮನೆಯಲ್ಲಿ ಮತ್ತು ಒಬ್ಬ ರೀಲರನ ಮನೆಯಲ್ಲಿ ಏನೇನು ನಡೆಯಿತು ಎಂಬುದೇ ಆ ಕಾದಂಬರಿಯ ಕಥೆ.

ಬಂಧುಗಳು, ಅಮ್ಮಿಯ ಹಳೆಯ ಸಹೋದ್ಯೋಗಿಗಳು, ನಮ್ಮ ಗೆಳತಿಯರು ಸೇರಿ ಎರಡು ತಿಂಗಳಲ್ಲಿ 120 ಪ್ರತಿ ಕೊಂಡರು. ಆಮೇಲೆ ಮಾರಾಟ ನಿಂತಿತು. ಉಳಿದ ಕಟ್ಟುಗಳ ಮೇಲೆ ಇಸ್ತ್ರಿ ಬಟ್ಟೆ ಇಡಲು ಶುರುವಾದಾಗ ನಾವು ಅಕ್ಕತಂಗಿಯರು ಅಂತರ್ಜಾಲದಲ್ಲಿ ಜಾಹೀರಾತು ಹಾಕುವುದೆಂದು ನಿರ್ಧರಿಸಿದೆವು.

ಬರೆದವರೇ ಪುಸ್ತಕ ಮಾರುವುದು ಕನ್ನಡಕ್ಕೆ ಹೊಸತಲ್ಲ. ಗಳಗನಾಥರು (1869-1942) ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಆರಂಭವಾದಾಗ ಚಂದಾದಾರರನ್ನು ನೆಚ್ಚಿಕೊಂಡೇ ಪುಸ್ತಕ ತಂದಿತು. ನಮ್ಮ ಸಾರಾ ಅಬೂಬಕ್ಕರ್ ಚಂದ್ರಗಿರಿ ಪ್ರಕಾಶನ ಕಟ್ಟಿಕೊಂಡು ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿದರು. ಅವರೆಲ್ಲರಿಗೂ ಒಂದು ಸಂಗತಿ ಗೊತ್ತಿತ್ತು: ತಮ್ಮ ಓದುಗರು ಯಾರು ಎಂಬುದು. ನಮಗೆ ಅದು ಗೊತ್ತಿಲ್ಲ ಎಂಬುದೇ ಗೊತ್ತಿರಲಿಲ್ಲ.

ಮೊದಲ ಜಾಹೀರಾತನ್ನು ನಮ್ಮ ಮನೆಯ ಸುತ್ತಲಿನ ಐದು ಕಿಲೋಮೀಟರಿಗೆ ಹಾಕಿದೆವು. ಅಂಚೆಗೆ ಕೊಡುವ ಬದಲು ನಡೆದೇ ಹೋಗಿ ತಲುಪಿಸಬಹುದಲ್ಲ ಎಂಬ ಲೆಕ್ಕಾಚಾರ. ಫ್ರೇಜರ್ ಟೌನ್, ಕುಕ್ ಟೌನ್, ಶಿವಾಜಿನಗರ, ಹಲಸೂರು ಎಲ್ಲವೂ ಆ ವೃತ್ತದೊಳಗೆ ಬಂದವು. ಎರಡು ಸಾವಿರ ರೂಪಾಯಿ ಕರಗಿತು. ಬಂದದ್ದು ಎರಡು ಬೇಡಿಕೆ, ಅದರಲ್ಲಿ ಒಂದು ನಮ್ಮ ಫೂಫಿಯದೇ! 1809ರಲ್ಲಿ ಕಟ್ಟಿದ ಈ ದಂಡಿನ ಪ್ರದೇಶ 1949ರವರೆಗೆ ಬೇರೆಯೇ ಆಡಳಿತದ ಊರಾಗಿತ್ತು. ಇಂದಿಗೂ ಪಾಟರಿ ರಸ್ತೆಯಿಂದ ರಿಚರ್ಡ್ಸ್ ಪಾರ್ಕಿನವರೆಗೆ ನಡೆದರೆ ತಮಿಳು, ಉರ್ದು, ಇಂಗ್ಲಿಷ್, ಮಲಯಾಳಂ ಎಲ್ಲವೂ ಕಿವಿಗೆ ಬೀಳುತ್ತವೆ. ಕನ್ನಡ ಮಾತಾಡುವವರೂ ಇದ್ದಾರೆ, ಆದರೆ ಕನ್ನಡದಲ್ಲಿ ಕಾದಂಬರಿ ಓದುವವರು ಕಡಿಮೆ. ಮನೆಗೆ ಹತ್ತಿರವಿರುವವರು ಪುಸ್ತಕಕ್ಕೂ ಹತ್ತಿರವಿರಬೇಕೆಂದಿಲ್ಲ. ಈ ಪಾಠಕ್ಕೆ ಎರಡು ಸಾವಿರ ಶುಲ್ಕ ತೆತ್ತೆವು.

ಅಮ್ಮಿ ಗದರಲಿಲ್ಲ. "ಈ ಜಾಹೀರಾತು ನಡೆಯುವುದು ಹೇಗೆ?" ಎಂದು ಕೇಳಿದರು. ನಾವು ಓದಿಕೊಂಡಷ್ಟನ್ನು ವಿವರಿಸಿದೆವು. ಯಾರೋ ಒಬ್ಬರು ಮೊಬೈಲಿನಲ್ಲಿ ಒಂದು ಪುಟ ತೆರೆದಾಗ ಅಲ್ಲಿರುವ ಖಾಲಿ ಜಾಗಕ್ಕೆ ಕಣ್ಣೆವೆ ಇಕ್ಕುವುದರೊಳಗೆ ಒಂದು ಹರಾಜು ನಡೆಯುತ್ತದೆ. ಸೀರೆ ಅಂಗಡಿ, ಬ್ಯಾಂಕು, ಬಿರಿಯಾನಿ ಹೋಟೆಲು, ಅಮ್ಮಿಯ ಕಾದಂಬರಿ ಎಲ್ಲವೂ ಆ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಹೆಚ್ಚು ಕೂಗಿದವರೇ ಗೆಲ್ಲುತ್ತಾರೆ ಎಂದೂ ಇಲ್ಲ. ಈ ವ್ಯಕ್ತಿ ಈ ಜಾಹೀರಾತನ್ನು ಒತ್ತುವ ಸಂಭವ ಎಷ್ಟು ಎಂಬುದನ್ನೂ ಯಂತ್ರ ಅಂದಾಜು ಮಾಡುತ್ತದೆ.

ಅಮ್ಮಿಯ ಮುಖ ಅರಳಿತು. "ಅರೆ, ಇದು ಗೂಡಿನ ಮಾರುಕಟ್ಟೆಯೇ!" ಎಂದರು. ಈಗ ಇ-ಹರಾಜು ಬಂದಿದೆ, ನಾನಾ ಅವರ ಕಾಲದಲ್ಲಿ ಬಾಯಲ್ಲಿ ಕೂಗುತ್ತಿದ್ದರು. ಜಾಲರಿಯಲ್ಲಿ ಸುರಿದ ಗೂಡಿನಿಂದ ನಾನಾ ಒಂದು ಹಿಡಿ ತೆಗೆದು, ಒತ್ತಿ ನೋಡಿ, ಕಿವಿಯ ಬಳಿ ಅಲ್ಲಾಡಿಸಿ, ಎಷ್ಟು ನೂಲು ಬರಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಆಮೇಲೆ ಬೆಲೆ ಹೇಳುತ್ತಿದ್ದರಂತೆ. "ಗೂಡು ನೋಡದೆ ಕೂಗಿದವನು ಮನೆ ಮಾರಿಕೊಳ್ಳುತ್ತಾನೆ ಅಂತಿದ್ದರು ನಿಮ್ಮ ನಾನಾ. ನೀವು ಗೂಡು ನೋಡಿದಿರಾ?"

ಅಂದು ರಾತ್ರಿ ಮೂವರೂ ಲೆಕ್ಕಕ್ಕೆ ಕುಳಿತೆವು. ಪುಸ್ತಕದ ಬೆಲೆ 180 ರೂಪಾಯಿ. ಅಚ್ಚಿನ ಖರ್ಚು 70. ಅಂಚೆ ಮತ್ತು ಲಕೋಟೆ ಸೇರಿ 45. ಉಳಿಯುವುದು 65. ಅಂದರೆ ಒಂದು ಪ್ರತಿ ಮಾರಲು ಜಾಹೀರಾತಿಗೆ 65 ರೂಪಾಯಿಗಿಂತ ಹೆಚ್ಚು ಹೋದರೆ ನಷ್ಟ. ಒಂದು ಒತ್ತಿಗೆ ಮೂರು ರೂಪಾಯಿ ಬಿದ್ದು, ಒತ್ತಿದ ನಲವತ್ತು ಜನರಲ್ಲಿ ಒಬ್ಬರು ಕೊಂಡರೆ ಪ್ರತಿಯೊಂದಕ್ಕೆ 120 ರೂಪಾಯಿ ಜಾಹೀರಾತಿಗೇ ಹೋಗುತ್ತದೆ. ಇಪ್ಪತ್ತು ಜನರಲ್ಲಿ ಒಬ್ಬರು ಕೊಂಡರೆ 60, ಆಗ ಐದು ರೂಪಾಯಿ ಉಳಿಯುತ್ತದೆ. ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂಬ ಅಂಕಿಗಳು ಕಣ್ಣಿಗೆ ಹಬ್ಬ, ಅಷ್ಟೆ. ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವವರು ಜಾಹೀರಾತಿಗೆ ಮುಂಚೆ ತಮ್ಮ 65 ರೂಪಾಯಿ ಎಷ್ಟೆಂದು ತಿಳಿದಿರಬೇಕು.

ಇಷ್ಟು ತಿಳಿದ ಮೇಲೂ ನಾವು ಜಾಣತನ ತೋರಿಸಲು ಹೋಗಿ ಎಡವಿದೆವು. ಈಗಾಗಲೇ ಕೊಂಡವರ ಫೋನ್ ನಂಬರುಗಳನ್ನು ಕೊಟ್ಟರೆ ಅವರನ್ನು ಹೋಲುವ ಜನರನ್ನು ಯಂತ್ರವೇ ಹುಡುಕಿ ಜಾಹೀರಾತು ತೋರಿಸುವ ಒಂದು ಉಪಾಯವಿದೆ. ನಮ್ಮ 120 ಜನರ ಪಟ್ಟಿಯನ್ನು ಹಾಗೆಯೇ ಏರಿಸಿದೆವು. ಮೂರು ಸಾವಿರ ರೂಪಾಯಿಗೆ 38 ಬೇಡಿಕೆ ಬಂದವು. ಲೆಕ್ಕದಲ್ಲಿ ಪ್ರತಿಯೊಂದಕ್ಕೂ ಹದಿನಾಲ್ಕು ರೂಪಾಯಿ ನಷ್ಟವಾದರೂ ಪುಸ್ತಕ ಹೋಗುತ್ತಿದೆಯಲ್ಲ ಎಂದು ಹಿಗ್ಗಿದೆವು.

ಲಕೋಟೆಗಳ ಮೇಲೆ ವಿಳಾಸ ಬರೆಯುವುದು ಅಮ್ಮಿಯ ಕೆಲಸ. ಮೂರನೆಯ ದಿನ ಅವರು ಪೆನ್ನು ಕೆಳಗಿಟ್ಟರು. "ಈ ಮೂವತ್ತೆಂಟರಲ್ಲಿ ಮೂವತ್ತೈದು ನಮ್ಮವರ ಹೆಸರು. ನಾನು ನಮ್ಮವರಿಗೆ ಮಾತ್ರ ಬರೆದೆನೇ?" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲು ಕೊಂಡವರಲ್ಲಿ ಹೆಚ್ಚಿನವರು ಬಂಧುಗಳು. ಅವರನ್ನು ಹೋಲುವವರನ್ನು ಹುಡುಕು ಎಂದರೆ ಯಂತ್ರ ಹುಡುಕಿದ್ದು ಅದನ್ನೇ. ಧರ್ಮ, ಆರೋಗ್ಯ, ರಾಜಕೀಯ ಒಲವು ಮುಂತಾದ ವಿಷಯಗಳನ್ನು ಸೂಚಿಸುವ ಆಯ್ಕೆಗಳನ್ನು ಫೇಸ್‌ಬುಕ್‌ನ ಒಡೆಯ ಸಂಸ್ಥೆ ಮೆಟಾ 2022ರ ಜನವರಿಯಲ್ಲಿ ತನ್ನ ಜಾಹೀರಾತು ಪಟ್ಟಿಯಿಂದ ತೆಗೆದುಹಾಕಿತು. ಅದು ಒಳ್ಳೆಯ ಹೆಜ್ಜೆಯೇ. ಆದರೆ ಹೆಸರಿಟ್ಟು ಕೇಳದಿದ್ದರೂ ನಾವು ಕೊಡುವ ಪಟ್ಟಿಯಲ್ಲೇ ನಮ್ಮ ಮೊಹಲ್ಲಾ ಅಡಗಿರುತ್ತದೆ. ನಾವೇ ಗೋಡೆ ಎತ್ತಿ ಯಂತ್ರದ ಕೈಗೆ ಕೊಟ್ಟಿದ್ದೆವು.

ಅಮ್ಮಿಯ ಎರಡನೆಯ ಪ್ರಶ್ನೆ ಇನ್ನೂ ಚುಚ್ಚಿತು. "ಆ ನಂಬರುಗಳನ್ನು ಕೊಡುವ ಮೊದಲು ಅವರನ್ನು ಕೇಳಿದಿರಾ?" ಕೇಳಿರಲಿಲ್ಲ. ನಂಬರುಗಳನ್ನು ಸಂಕೇತವಾಗಿ ಮಾರ್ಪಡಿಸಿ ಕಳಿಸುತ್ತಾರೆ, ಯಾರೂ ಓದಲಾಗುವುದಿಲ್ಲ ಎಂದೆವು. "ಅಮಾನತ್ತು ಇಟ್ಟದ್ದನ್ನು ಬಟ್ಟೆ ಮುಚ್ಚಿ ಕೊಟ್ಟರೂ ಕೊಟ್ಟಂತೆಯೇ" ಎಂದರು. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ತಿರುಳು ಕೂಡ ಒಪ್ಪಿಗೆಯೇ. ಅಮ್ಮಿ ಆ ಕಾಯ್ದೆ ಓದಿದವರಲ್ಲ. ಪಟ್ಟಿಯನ್ನು ಅಳಿಸಿದೆವು. ಆ 120 ಜನರಿಗೂ ಸಂದೇಶ ಕಳಿಸಿ ಕ್ಷಮೆ ಕೇಳಿದೆವು. ಬಹಳ ಮಂದಿ ನಕ್ಕು ಸುಮ್ಮನಾದರು. ಒಬ್ಬ ಖಾಲಾ ಮಾತ್ರ ಒಂದು ತಿಂಗಳು ಮಾತು ಬಿಟ್ಟರು. ಅವರದು ತಪ್ಪೆನ್ನಲಾರೆವು.

ಮತ್ತೆ ಮೊದಲಿನಿಂದ ಶುರುಮಾಡಿದೆವು. ಈ ಸಲ ನಮ್ಮ ಓದುಗರು ಯಾರು ಎಂಬ ಪ್ರಶ್ನೆಯನ್ನು ಯಂತ್ರಕ್ಕೆ ಕೇಳದೆ ಪುಸ್ತಕಕ್ಕೇ ಕೇಳಿದೆವು. ಕಥೆಯಲ್ಲಿ ಇರುವವರು ಯಾರು? ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು, ನೂಲು ತೆಗೆಯುವವರು. ಅವರಿರುವ ಊರು ಯಾವುವು? ಶಿಡ್ಲಘಟ್ಟ, ಚಿಂತಾಮಣಿ, ವಿಜಯಪುರ, ಕೋಲಾರ, ರಾಮನಗರ, ಕನಕಪುರ. ಆ ಊರುಗಳನ್ನು ಆರಿಸಿಕೊಂಡೆವು, ಮೊಬೈಲನ್ನು ಕನ್ನಡದಲ್ಲಿ ಬಳಸುವವರನ್ನು ಆರಿಸಿಕೊಂಡೆವು. ಜಾತಿ, ಮತ, ಹೆಸರು ಯಾವುದನ್ನೂ ಸೂಚಿಸಲಿಲ್ಲ.

ಆಮೇಲೆ ಹಿಡಿ ಗೂಡು ಅಲ್ಲಾಡಿಸಿ ನೋಡುವ ಕೆಲಸ. ಎರಡು ಚಿತ್ರ, ಒಂದೇ ಬರಹ. ತಲಾ 300 ರೂಪಾಯಿ, ಮೂರು ದಿನ. ಒಂದರಲ್ಲಿ ಮುಖಪುಟ, ಇನ್ನೊಂದರಲ್ಲಿ ಜಾಲರಿಯ ತುಂಬ ಬಿಳಿ ಗೂಡು. ಗೂಡಿನ ಚಿತ್ರ ಗೆದ್ದಿತು. ಮುಂದೆ ಅದೇ ಚಿತ್ರಕ್ಕೆ ಎರಡು ಬಗೆಯ ಬರಹ. "ಹೃದಯಸ್ಪರ್ಶಿ ಕಾದಂಬರಿ" ಎಂದದ್ದು ಸೋತಿತು. "ಗೂಡಿಗೆ ಬೆಲೆ ಬಾರದ ವರ್ಷ ಎರಡು ಮನೆಗಳಲ್ಲಿ ಏನಾಯಿತು?" ಎಂದು ಕೇಳಿದ್ದು ಗೆದ್ದಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಲಾಭವಾಯಿತೆಂದು ತಿಳಿಯುವುದಿಲ್ಲ. ಕೊಳ್ಳುವವರು ಐದಾರು ಪುಟ ದಾಟಿ ಬರುವಂತೆ ಮಾಡದೆ ನೇರ ವಾಟ್ಸಾಪ್‌ಗೆ ಬರುವಂತೆ ಮಾಡಿದೆವು. ಮೊದಲ ಅಧ್ಯಾಯವನ್ನು ಪುಕ್ಕಟೆಯಾಗಿ ಕೊಟ್ಟೆವು. ಪುಸ್ತಕ ಮಾರುವ ಜಾಲತಾಣವೊಂದರಲ್ಲೂ ಹಾಕಿದಾಗ ಇನ್ನೊಂದು ವಿಷಯ ತಿಳಿಯಿತು. ಕನ್ನಡ ಪುಸ್ತಕ ಹುಡುಕುವವರಲ್ಲಿ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡುತ್ತಾರೆ. ಅಲ್ಲಿ ಹುಡುಕು ಪದಗಳನ್ನು ಎರಡೂ ಲಿಪಿಯಲ್ಲಿ ಕೊಡದಿದ್ದರೆ ಪುಸ್ತಕ ಇದ್ದೂ ಇಲ್ಲದಂತೆ.

ಅಧ್ಯಾಯ ಓದಿ ಸುಮ್ಮನಾದವರಿಗೆ ಅದೇ ಜಾಹೀರಾತನ್ನು ಮತ್ತೆ ಮತ್ತೆ ತೋರಿಸುವ ಉಪಾಯವೂ ಇತ್ತು. ಅಮ್ಮಿ ಒಪ್ಪಲಿಲ್ಲ. "ಬಾಗಿಲವರೆಗೆ ಬಂದು ಹೋದವರ ಹಿಂದೆ ಬೀದಿಯಲ್ಲಿ ಓಡಬೇಕಾ?" ಒಂದೇ ಒಂದು ಸಲ ಎಂದು ಮಿತಿ ಹಾಕಿಕೊಂಡೆವು.

ಈ ಸುತ್ತಿನಲ್ಲಿ ಆರು ಸಾವಿರ ರೂಪಾಯಿಗೆ 125 ಪ್ರತಿ ಹೋದವು, ಪ್ರತಿಯೊಂದಕ್ಕೆ 48 ರೂಪಾಯಿ. ಓದಿದವರು ಹೇಳಿ ಹೇಳಿ ಇನ್ನೂ 90 ಹೋದವು. ಅದಕ್ಕೆ ಜಾಹೀರಾತಿನ ಖರ್ಚೇ ಇಲ್ಲ. ಅಂಚೆಯಲ್ಲಿ ಹೋದ 255 ಪ್ರತಿಗಳ ಮೇಲೆ ಎಲ್ಲ ಕಳೆದು ಉಳಿದದ್ದು ಐದೂವರೆ ಸಾವಿರ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ.

ಆದರೆ ಒಂದು ಸಂಜೆ ವಿಜಯಪುರದ ಕಡೆಯಿಂದ ಒಂದು ಫೋನು ಬಂತು. ವಯಸ್ಸಾದ ಗಂಡಸಿನ ದನಿ. ಅಮ್ಮಿ ಸ್ಪೀಕರ್ ಹಾಕಿದರು. "ಅಮ್ಮಾ, ರೈತ ಬೆಲೆ ಕೇಳಿ ಊಟ ಮಾಡದೆ ಬಸ್ಸು ಹತ್ತಿದ ಅಂತ ಬರೆದಿದ್ದೀರಲ್ಲ, ಅವನು ನಮ್ಮಪ್ಪನೇ ಕಣಮ್ಮ. ರೀಲರುಗಳು ಸೇರಿಕೊಂಡು ಹೊಡೆದರು ಅಂತ ಅವರು ಸಾಯೋವರೆಗೂ ಬೈತಿದ್ರು. ಆವತ್ತು ರೀಲರ್ ಮನೇಲೂ ಒಲೆ ಉರೀಲಿಲ್ಲ ಅಂತ ನಮಗೆ ಗೊತ್ತಿರಲಿಲ್ಲ."

ಅಮ್ಮಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರ ಊರು, ಮಕ್ಕಳು, ಈಗಿನ ಗೂಡಿನ ರೇಟು ಎಲ್ಲ ವಿಚಾರಿಸಿದರು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅಮ್ಮಿ ಪತ್ರಿಕೆಯ ಪುಟವನ್ನು ಮಡಚಿ ಎತ್ತಿಟ್ಟರು. ನಮ್ಮ ಮನೆಗಳ ಒಳಗಿನ ಕಥೆಯನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದರು, ನಮ್ಮ ಮನೆಗಳನ್ನೇ ಕಾಣದವರು ಅದನ್ನು ಓದಿ ಮೆಚ್ಚಿದರು. ಹೋಲುವವರನ್ನು ಮಾತ್ರ ಹುಡುಕಿದ್ದರೆ ಆ ಪುಸ್ತಕ ಅಷ್ಟು ದೂರ ಹೋಗುತ್ತಿತ್ತೇ?

ಯಂತ್ರವನ್ನು ನಾವು ದೂರುವುದಿಲ್ಲ. ಹೇಳಿದ ವಿಳಾಸಕ್ಕೆ ಅದು ಬಲು ಚುರುಕಾಗಿ ತಲುಪುತ್ತದೆ. ವಿಳಾಸ ಯಾವುದೆಂದು ಹೇಳುವ ಹೊಣೆ ಮಾತ್ರ ಬರೆದವರದು. ನಡುಕೋಣೆಯಲ್ಲಿ ಇನ್ನೂ 125 ಪ್ರತಿಗಳಿವೆ. ಮುಂದಿನ ಜಾಹೀರಾತು ಯಾವ ಊರಿಗೆ ಎಂದು ಕೇಳಿದರೆ ಅಮ್ಮಿ ರೇಷ್ಮೆಯನ್ನೇ ಬೆಳೆಯದ ಜಿಲ್ಲೆಗಳ ಹೆಸರು ಹೇಳುತ್ತಿದ್ದಾರೆ. ಆಗಲಿ ಎಂದಿದ್ದೇವೆ. ಆದರೆ ಮೊದಲು ಒಂದು ಹಿಡಿ ಗೂಡು, 300 ರೂಪಾಯಿ, ಮೂರು ದಿನ.